ಘಾಟಿಗೆ ಟೆಂಪೋ, ಬೀಚಿಗೆ ಸೈಕಲ್

ನೀಲವ್ವ,

ಹಾಲು ಕಾಸಿ ಇಟ್ಟೀನಿ. ಆರಕ್ಕ ನೀರು ಬರ್ತೈತಿ, ಡ್ರಮ್ ತುಂಬಿಸ್ಕೋ.

ನಿನ್ನೆ ನೌಪಾಡಾದ ಮೀಟಿಂಗಿನಾಗ ನಮ್ಮ ಸೈಕಲ್ ಗ್ರೂಪಿನ ಜಯೇಶ್ ಎಲ್ಲಾರಿಗೂ ಇವತ್ತಿನ ಟ್ರಿಪ್ಪಿನ ಸೈಕಲ್ ನಂಬರ್ ಹಂಚಿದ. ನನಗ ಮಾತ್ರ ಸಾಮಾನಿನ ಟೆಂಪೋದಾಗ ಮುಂದಿನ ಸೀಟು. "ಘಾಟ್ ಬಂದ್ರೆ ಟೆಂಪೋ, ಬೀಚ್ ಬಂದ್ರೆ ಫೋಟೋಗೆ ಸೈಕಲ್. ಕಾಕೂ ಗಣಪತಿ ಹಬ್ಬದಲ್ಲೇ ನನಗೆ ಫೋನ್ ಮಾಡಿ ನಿಮ್ಮ ಸ್ಟೆಂಟ್ ವಿಷಯ ಹೇಳಿದ್ರಲ್ಲ ಕಾಕಾ" ಅಂದ. ಹನ್ನೊಂದು ಮಂದಿ ಮುಂದ.

ಮೂವತ್ತು ವರ್ಷ ಸಂಸಾರ ಮಾಡಿದ ಗಂಡಗ ನಿನ್ನ ಅಂಜಿಕಿ ಹೇಳೂದು ಬಿಟ್ಟು ಅವಗ ಹೇಳಿದಿ. ಆಮ್ಯಾಲೆ ಮೂರು ತಿಂಗಳು ನನ್ನ ಜೋಡಿ ಕೂತು ಮಾಳಶೇಜ್ ಘಾಟ್ ಎಷ್ಟೊತ್ತಿಗೆ ಏರೂದು, ಶ್ರೀವರ್ಧನದ ಬೀಚಿನಾಗ ಎಲ್ಲಿ ಉಳಿಯೂದು ಅಂತ ಬರಕೊಂಡಿ. ಹೋದ ಮಂಗಳವಾರ ಸೈಕಲ್ಲು ಟಿಟ್ವಾಳಾಕ್ಕ ಒಯ್ಸಿ ಗಣಪತಿ ಮುಂದ ಕಾಯಿ ಒಡಿಸಿದಿ. ಅಲ್ಲೂ ಹೇಳಾಕ ನಿನಗ ಬಾಯಿ ಬರಲಿಲ್ಲ.

ಸೈಕಲ್ಲಿಗೆ ನೀ ಹೊಲಿದ ಚೀಲ ಬಿಟ್ಟು ಹೋಗಬೇಕಂತಿದ್ದೆ. ಛಲೋ ಹೊಲ್ದೀದಿ, ಒಯ್ದೀನಿ.

ಟೆಂಪೋದಾಗ ನಾ ಕೂಡೂದಿಲ್ಲ. ಒಂದು ತಾಸು ಮೊದಲ ಸೈಕಲ್ ಹೊಡಕೊಂಡು ಹೊಂಟೀನಿ, ಅವರು ಹಿಂದಿಂದ ಬರ್ಲಿ.

ಗುಳಿಗಿ ತಗೊಂಡೀನಿ. ದೀಪಾವಳಿ ಮುಂದ ಡಾಕ್ಟರು ಟ್ರೆಡ್‌ಮಿಲ್ ಮ್ಯಾಲೆ ಓಡಿಸಿ ನೋಡಿ, ನಿಧಾನಕ್ಕ ಘಾಟ್ ಏರ್ರಿ ಅಂದಾರ. ಹೊರಡೂ ದಿನ ನಿನ್ನ ಕೈಯಾಗ ಕೊಡಬೇಕಂತ ರಿಪೋರ್ಟ್ ಮುಚ್ಚಿಟ್ಟಿದ್ದೆ. ಈ ಚೀಟಿ ಕೆಳಗೈತಿ. ನಿನ್ನ ಚಷ್ಮಾ ಫ್ರಿಜ್ ಮ್ಯಾಲೈತಿ.

ಇನ್ನ ಮುಂದ ನನ್ನ ಎದಿ ಬಗ್ಗೆ ಯಾರಿಗರೆ ಫೋನ್ ಮಾಡೂದಿದ್ರ, ನನಗ ಮಾಡು.