ರಜನಿಯ ಗುಳಿಗೆ ನಿಲ್ಲಿಸಬೇಡಿರಿ

ಕಮರಿಪೇಟೆ, ಹುಬ್ಬಳ್ಳಿ

ಕೆಲಗೇರಿಯ ಬೀಗತಿ ಗುರುಸಿದ್ಧವ್ವನವರಿಗೆ ಶರಣಾರ್ಥಿ.

ಫೋನಿನಲ್ಲಿ ಹೇಳಿದರೆ ನನ್ನ ಸೊಸೆ ರಜನಿಗೂ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ತೊಟ್ಟಿಲ ಕಾರ್ಯಕ್ಕೆ ಬಂದಾಗ ನೋಡಿದೆ, ರಜನಿ ಕೂಸನ್ನು ಎತ್ತಿಕೊಂಡು ಏಳುವಾಗ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದುಕೊಂಡಳು. ಕಬ್ಬಿಣದ ಗುಳಿಗೆ ಎಲ್ಲಿ ಎಂದು ಕೇಳಿದರೆ ನೀವು ನಕ್ಕಿರಿ. "ಹಡದಾಳಲ್ರೀ, ಇನ್ನ ಗುಳಗಿ ಯಾಕ? ನಿಮ್ಮ ಅಂಟಿನುಂಡಿ ತಿಂದರ ರಕ್ತ ತಾನಾಗೇ ಆಗತೈತಿ" ಎಂದಿರಿ.

ನಾನು ಅಂಟಿನುಂಡಿ ಕಳಿಸಿದ್ದು ಸೊಂಟ ಗಟ್ಟಿಯಾಗಲೆಂದು. ಹೆರಿಗೆಯಲ್ಲಿ ಹೋದ ರಕ್ತ ಅದರಿಂದ ತುಂಬುವುದಿಲ್ಲ. ಗುಳಿಗೆ ನಿಲ್ಲಿಸಬಾರದೆಂದು ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ. ಚಹಾದ ಜೊತೆ ಕೊಡಬೇಡಿರಿ, ಲಿಂಬೆ ಪಾನಕದ ಜೊತೆ ಕೊಡಿರಿ. ಬಾಣಂತಿಗೆ ಲಿಂಬೆ ನಂಜೆಂದು ನಿಮ್ಮ ಅತ್ತೆಯವರು ತಕರಾರು ತೆಗೆದರೆ ನನ್ನ ಕಡೆ ಕಳಿಸಿರಿ, ನಾನು ಮಾತಾಡುತ್ತೇನೆ.

ಮೂರನೆಯ ತಿಂಗಳಿಗೇ ಕರೆದುಕೊಂಡು ಹೋಗುತ್ತೇನೆಂದು ನಾನು ಹಟ ಹಿಡಿದಿದ್ದೆ. ಅದನ್ನು ಬಿಟ್ಟಿದ್ದೇನೆ. ರಕ್ತ ತಪಾಸಣೆ ಮಾಡಿಸಿರಿ, ಡಾಕ್ಟರು ಹೂಂ ಅನ್ನುವ ತನಕ ತವರಿನಲ್ಲೇ ಇರಲಿ. ಮಗಳನ್ನು ಯಾಕೆ ಇನ್ನೂ ಕಳಿಸಿಲ್ಲವೆಂದು ಓಣಿಯವರು ಕೇಳಿದರೆ, "ಆಕಿ ಅತ್ತಿ ಭಾಳ ಸೊಕ್ಕಿನಾಕಿ, ಕರಿಯಾಕ ಬಂದಿಲ್ಲ" ಎಂದು ಹೇಳಿಬಿಡಿರಿ. ನಂಬುತ್ತಾರೆ.

ಇಂತು ನಿಮ್ಮ ಬೀಗತಿ,
ಶಿವಲಿಂಗವ್ವ