ಗೂಡಿನಿಂದ ಬಂದ ಮಿಂಕೆಯರು

ವೆಸ್ಟರ್‌ಹೂಕ್, ಫ್ರೀಸ್‌ಲ್ಯಾಂಡ್
ಗುರುವಾರ, ಮೇ ೧೪

ಪ್ರೀತಿಯ, ಆದರೆ ಮಹಾ ಹಟಮಾರಿಯಾದ ತಂಗಿ ಮಿಂಕೆಗೆ,

ಈ ಕಾಗದವನ್ನು ಓದಿ ಹೇಳು ಎಂದು ನರ್ಸ್ ಕೈಗೆ ಕೊಡಬೇಡ. ಎಡಗೈಯಲ್ಲಿ ಹಿಡಿದುಕೊಂಡು ನೀನೇ ಓದು. ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ. ಮಣ್ಣಿನ ಕೆಲಸ ಮಾಡಿ ಮಾಡಿ ನನ್ನ ಬೆರಳುಗಳು ಪೆನ್ನು ಹಿಡಿಯುವುದನ್ನೇ ಮರೆತಿವೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಟ್ಟರೆ ತಾನೆ? ಪಾರ್ಶ್ವವಾಯು ನಿನ್ನ ಬಲಗೈಯನ್ನು ಕಸಿದುಕೊಂಡಿತೇ ಹೊರತು ನಾಲಗೆಯ ತಂಟೆಗೆ ಹೋಗಲಿಲ್ಲ.

ನನಗೆ ತುಂಬಾ ಸುಸ್ತಾಗಿದೆ, ಮಿಂಕೆ. ಸೊಂಟ ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಏಕೆ ಎಂದು ಹೇಳಿದರೆ ನಿನಗೆ ಸಿಟ್ಟು ಬರುತ್ತದೆ, ಹೇಳದೆ ಬೇರೆ ದಾರಿಯೂ ಇಲ್ಲ. ಶನಿವಾರ ಚರ್ಚಿನ ಅಂಗಳದಲ್ಲಿ ಟೈಲುಗಳ ಹರಾಜಿದೆ. ಟೈಲು ಮಾಡಿಕೊಟ್ಟವಳು ನಾನು, ಚಿತ್ರ ಬರೆದವರು ಊರಿನವರು, ಕೊಳ್ಳುವವರೂ ಅವರೇ. ಬರುವ ಹಣವೆಲ್ಲ ನಮ್ಮ ಮನೆಯ ಕೆಳಗಡೆ ನಿನಗೊಂದು ಕೋಣೆ, ಬಚ್ಚಲು ಕಟ್ಟಿಸುವುದಕ್ಕೆ.

ನೀನು ಬೇಡವೆಂದದ್ದು ನಾನು ಮರೆತಿಲ್ಲ. ಫೆಬ್ರವರಿಯಲ್ಲಿ ಡಾಕ್ಟರು ನಮ್ಮ ಮೆಟ್ಟಿಲಿನ ಫೋಟೋ ನೋಡಿ, “ಇದು ಮೆಟ್ಟಿಲಲ್ಲಮ್ಮ, ಏಣಿ. ಮಲಗೋ ಕೋಣೆ ಕೆಳಗೆ ಇಲ್ದಿದ್ರೆ ನಾನು ಇವರನ್ನ ಮನೆಗೆ ಕಳಿಸಲ್ಲ” ಎಂದರು. ಅವರು ಆಚೆ ಹೋಗುವುದೇ ತಡ, ನೀನು ನನ್ನ ಮೇಲೆ ಹರಿಹಾಯ್ದೆ. “ಊರವರ ಮುಂದೆ ನನ್ನ ಹೆಸರಲ್ಲಿ ತಟ್ಟೆ ಹಿಡಿದೆ ಅಂದ್ರೆ ನೋಡು, ನೀನು ನನ್ನಕ್ಕಾನೇ ಅಲ್ಲ. ನಾನು ಇಲ್ಲೇ ಲೇವಾರ್ಡನ್‌ನಲ್ಲಿ ಯಾವುದಾದ್ರೂ ವೃದ್ಧಾಶ್ರಮದಲ್ಲಿ ಬಿದ್ದಿರ್ತೀನಿ” ಎಂದೆ. ನಾನು ಬಸ್ಸು ಹತ್ತಿದೆ. ಈ ಹರಾಜಿಗೆ ಮುಂದೆ ನಿಂತವನು ಬೇಕರಿಯ ಹಾರ್ಮೆನ್. ಬೈಯುವುದಿದ್ದರೆ ಅವನನ್ನೇ ಬೈಯಿ, ಅವನಿಗೆ ದಪ್ಪ ಚರ್ಮ.

ನೀನಿಲ್ಲದೆ ಟೈಲು ಮಾಡುವುದೆಂದರೆ ಏನೆಂದು ನಿನಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ಮಣ್ಣು ತುಳಿದು, ಲಟ್ಟಿಸಿ, ಚೌಕವಾಗಿ ಕತ್ತರಿಸಿ, ಹಲಗೆಯ ಮೇಲೆ ಹರಡುವುದು ಮೊದಲಿಂದಲೂ ನನ್ನ ಪಾಲಿನ ಕೆಲಸವೇ, ಚಿತ್ರ ಬರೆಯುವುದು ನಿನ್ನದು. ಆದರೆ ಒಣಗುವಾಗ ಮೂಲೆ ಏಳದ ಹಾಗೆ ಮಗುಚುತ್ತಾ ಇರುವುದಕ್ಕೆ ನೀನಿರುತ್ತಿದ್ದೆ. ಈ ಸಲ ಅದಕ್ಕೂ ನಾನೇ. ಕುರ್ಚಿಯಲ್ಲಿ ಕೂತು ಸ್ವಲ್ಪ ಕಣ್ಣು ಮುಚ್ಚಿದರೆ ಸಾಕು, ಪೂರ್ವದ ಗಾಳಿ ಬಂದು ಒಂದು ಹಲಗೆಯಷ್ಟನ್ನು ಹಪ್ಪಳದ ಹಾಗೆ ಸೊಟ್ಟ ಮಾಡಿರುತ್ತಿತ್ತು. ಅವನ್ನೆಲ್ಲ ಮತ್ತೆ ನೀರಿಗೆ ಹಾಕಿ, ಮತ್ತೆ ತುಳಿದು, ಮತ್ತೆ ಲಟ್ಟಿಸಿದೆ. ಬೈಯಲು ಯಾರೂ ಇರಲಿಲ್ಲವಾದ್ದರಿಂದ ನನ್ನನ್ನು ನಾನೇ ಬೈದುಕೊಂಡೆ.

ಒಮ್ಮೆ ಸುಟ್ಟು, ಬಿಳಿ ಲೇಪದಲ್ಲಿ ಅದ್ದಿ ಒಣಗಿಸಿದ ಮೇಲೆ ಊರಿನವರು ಬಂದರು. ಬೆಳಗಿನ ಕಾಫಿಯಿಂದ ಸಂಜೆಯ ಊಟದವರೆಗೆ ನಮ್ಮ ಮುಂದಿನ ಕೋಣೆ ಸಂತೆಯಾಯಿತು. ಬಣ್ಣ ಹಸಿಯಾಗಿದ್ದಾಗ ಬೂದಿಯ ಹಾಗಿರುತ್ತದೆ, ಬೆಂದ ಮೇಲೆ ನೀಲಿಯಾಗುತ್ತದೆ, ತೆಳ್ಳಗೆ ಹಚ್ಚಿ ಎಂದು ಹೇಳಿ ಹೇಳಿ ಗಂಟಲು ಕಟ್ಟಿತು. ಯಾರು ಕೇಳುತ್ತಾರೆ? ಕಟುಕ ವೀತ್ಸೆ ಕುಂಚವನ್ನು ಸಾರಿನ ಸೌಟಿನ ಹಾಗೆ ಅದ್ದುತ್ತಿದ್ದ. “ಇಷ್ಟು ಹಚ್ಚಿದ್ರೆ ಕಪ್ಪಾಗಿ ಹುರುಕು ಹುರುಕಾಗುತ್ತೆ ಕಣೋ” ಎಂದರೆ, “ಆಗ್ಲಿ ಬಿಡಕ್ಕ, ನಾನು ಬರೀತಿರೋದು ನನ್ನ ನಾಯಿ, ಅದೂ ಹಂಗೇ ಇದೆ” ಎಂದ. ಪಕ್ಕದ ಮನೆಯ ಟ್ರೀನ್ ಒಂದು ಗೆರೆ ತಪ್ಪಿತೆಂದು ಒದ್ದೆ ಬಟ್ಟೆಯಿಂದ ಒರೆಸಿಯೇಬಿಟ್ಟಳು. ಗೆರೆಯ ಜೊತೆ ಲೇಪವೂ ಕಿತ್ತು ಬಂತು. “ಅಯ್ಯೋ, ನಮ್ಮನೆ ಕಿಟಕಿ ಒರೆಸಿ ಅಭ್ಯಾಸ, ಕೈ ಸುಮ್ನಿರಲಿಲ್ಲ” ಎಂದಳು. ಅವಳಿಗೆ ಹೊಸ ಟೈಲು ಕೊಟ್ಟು ನಾನು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ಅವರು ಏನು ಬರೆದರೋ ನಾನು ನೋಡಲಿಲ್ಲ. ನೋಡುವ ಶಕ್ತಿಯೂ ಇರಲಿಲ್ಲ.

ಹಾರ್ಮೆನ್ ಮಾತ್ರ ಬಾಗಿಲು ಬಡಿದು ಒಳಗೆ ಬಂದ. ನಿನ್ನ ಹಡಗಿನ ಚಿತ್ರದ ಒಂದು ಟೈಲಾದರೂ ಹರಾಜಿನಲ್ಲಿ ಇರಬೇಕಂತೆ. ಸರಿ, ನೀನು ಸೂಜಿಯಲ್ಲಿ ಚುಚ್ಚಿಟ್ಟ ಹಡಗಿನ ಕಾಗದವನ್ನು ಟೈಲಿನ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದೆ. ಚುಕ್ಕಿಗಳು ಚೆನ್ನಾಗಿಯೇ ಮೂಡಿದವು. ಸೇರಿಸಲು ಹೋದರೆ ಬಂದದ್ದು ಹಡಗಲ್ಲ, ಮಗುಚಿಬಿದ್ದ ಸ್ನಾನದ ತೊಟ್ಟಿ. ಹಾರ್ಮೆನ್ ಅದನ್ನು ಬಹಳ ಹೊತ್ತು ನೋಡಿದ. “ಅಕ್ಕಾ, ಬೇಜಾರು ಮಾಡ್ಕೋಬೇಡಿ, ಇದು ತೇಲಲ್ಲ” ಎಂದ. ನಾವಿಬ್ಬರೂ ನಕ್ಕೆವು. ಅವನು ಹೋದ ಮೇಲೆ ನನಗೆ ನಗು ಬರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಮೇಜಿನ ಆಚೀಚೆ ಕೂತು ಮುದುಕಿಯರಾದೆವು; ನಿನ್ನ ಒಂದು ಗೆರೆಯೂ ನನ್ನ ಕೈಗೆ ಅಂಟಿಕೊಂಡಿಲ್ಲ.

ಎಲ್ಲವನ್ನೂ ಸುಡುವ ಗೂಡಿಗೆ ತುಂಬಿದ್ದು ಮಂಗಳವಾರ. ಇನ್ನೂ ಬೇಯದ ಲೇಪಕ್ಕೆ ಬೆರಳು ತಾಗಬಾರದಲ್ಲ, ಅಂಚು ಹಿಡಿದು, ಅಂಚನ್ನೇ ನೋಡುತ್ತಾ ಜೋಡಿಸಿದೆ. ಚಿತ್ರವೆಂದರೆ ಕಣ್ಣಿಗೆ ಕಂಡದ್ದು ಬೂದಿಯ ಕಲೆಗಳಷ್ಟೆ. ಇಂದು ಬೆಳಿಗ್ಗೆ ಗೂಡು ತಣ್ಣಗಾಗಿತ್ತು. ಬಾಗಿಲು ತೆರೆದು ಮೊದಲನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ನೀನಿದ್ದೆ, ಮಿಂಕೆ. ಸಮುದ್ರದ ಏರಿಯ ಮೇಲೆ ಎದುರುಗಾಳಿಗೆ ತಲೆ ತಗ್ಗಿಸಿಕೊಂಡು ಸೈಕಲ್ ತುಳಿಯುತ್ತಿದ್ದೆ. ಬುಟ್ಟಿಯಲ್ಲಿ ಎಲೆಕೋಸು.

ಎರಡನೆಯದರಲ್ಲೂ ನೀನೇ, ಸೀಗಲ್ ಹಕ್ಕಿಗಳಿಗೆ ಮುಷ್ಟಿ ತೋರಿಸುತ್ತಾ. ಇನ್ನೊಂದರಲ್ಲಿ ನಿನ್ನ ಆ ದರಿದ್ರ ಉಣ್ಣೆಯ ಟೋಪಿ, ಕೆಳಗೆ ಮುಖವೇ ಇಲ್ಲ, ಆದರೂ ಯಾರೆಂದು ಗೊತ್ತಾಗುತ್ತದೆ. ಟ್ರೀನ್ ಬರೆದದ್ದರಲ್ಲಿ ನೀನು ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರುತ್ತಿದ್ದೀಯ. ಅವಳು ಏನು ಲೆಕ್ಕ ಹಾಕಿದಳೋ, ನಿನಗೆ ಮೂರು ಕಾಲು. ವೀತ್ಸೆಯ ನಾಯಿ ನಿಜಕ್ಕೂ ಇದೆ, ಕರ್ರಗೆ, ಹುರುಕಾಗಿ. ಅದರ ಹಿಂದೆ ಪೊರಕೆ ಹಿಡಿದು ಓಡುತ್ತಿರುವವಳು ನೀನು. ಹಾರ್ಮೆನ್ ಬರೆದದ್ದರಲ್ಲಿ ನೀನು ಅವನ ಅಂಗಡಿಯಲ್ಲಿ ಸಕ್ಕರೆ ಬ್ರೆಡ್ಡನ್ನು ಒತ್ತಿ ನೋಡಿ ಮೂತಿ ಸೊಟ್ಟ ಮಾಡಿದ್ದೀಯ. ಊರಿನಲ್ಲಿ ಕಂಡದ್ದು ಏನಾದರೂ ಬರೆಯಿರಿ ಎಂದಷ್ಟೇ ಅವರಿಗೆ ಹೇಳಿದ್ದೆ. ಒಬ್ಬರಿಗೊಬ್ಬರು ಮಾತಾಡಿಕೊಂಡು ಬರೆದದ್ದೂ ಅಲ್ಲವಂತೆ. ಹಾರ್ಮೆನ್ ಬಂದು ನೋಡಿ, “ಎಲ್ರೂ ಇವಳನ್ನೇ ಬರೆದು ಕೂತಿದ್ದಾರಲ್ಲ! ಒಬ್ರಾದ್ರೂ ಚರ್ಚ್ ಬರೀಬಾರ್ದಿತ್ತಾ?” ಎಂದು ತಲೆ ಕೆರೆದುಕೊಂಡ.

ನಾನು ನೆಲದ ಮೇಲೆ ಅವನ್ನೆಲ್ಲ ಹರಡಿಕೊಂಡು ಕೂತೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಹೊಟ್ಟೆಯೂ ಉರಿಯಿತು. ಮಣ್ಣು ತುಳಿದವಳು ನಾನು, ಲಟ್ಟಿಸಿದವಳು ನಾನು, ಅವರಿಗೆಲ್ಲ ಕಾಫಿ ಮಾಡಿಕೊಟ್ಟವಳೂ ನಾನು. ಒಂದೇ ಒಂದು ಟೈಲಿನಲ್ಲೂ ನಾನಿಲ್ಲ. ನಿನ್ನ ಪಕ್ಕದಲ್ಲಿ ಇಷ್ಟು ವರ್ಷ ನಡೆದಿದ್ದೇನೆ, ಯಾರಾದರೂ ಒಂದು ನೆರಳನ್ನಾದರೂ ಹಾಕಬಾರದಿತ್ತೇ? ಆಮೇಲೆ ಅನ್ನಿಸಿತು, ಊರಿನವರು ನೋಡಲು ಸಿಗದವಳನ್ನು ಬರೆದಿದ್ದಾರೆ. ನಾನು ದಿನಾ ಕಣ್ಣೆದುರಿಗೇ ಇದ್ದೇನಲ್ಲ.

ಸೋಮವಾರ ಡಾಕ್ಟರು ನಿನ್ನನ್ನು ಕೊನೆಯ ಸಲ ಕೇಳುತ್ತಾರೆ: ಮನೆಗೋ, ಆಶ್ರಮಕ್ಕೋ? ಆ ಫಾರಂಗೆ ನೀನೇ ಸಹಿ ಹಾಕಬೇಕು, ಎಡಗೈಯಲ್ಲಾದರೂ ಸರಿ. ನನಗೆ ನಿನ್ನ ಮೇಲೆ ಒತ್ತಾಯ ಹೇರುವ ಶಕ್ತಿ ಉಳಿದಿಲ್ಲ. ಹೇಗೂ ನೀನು ಯಾರ ಮಾತು ಕೇಳಿದವಳಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ನಿನಗೆ ಇನ್ನು ಬಣ್ಣ ಹಾಕಲಾಗದಿದ್ದರೆ ಬೇಡ. ಕುರ್ಚಿ ಹಾಕಿಕೊಂಡು ಕೂತು, ನಾನು ಮಾಡಿದ್ದನ್ನೆಲ್ಲ ತಪ್ಪು ತಪ್ಪು ಎನ್ನುತ್ತಿರು. ಅದೂ ಒಂದು ಕೆಲಸವೇ.

ಕಿಟಕಿ ಹಾಕಿಕೊಂಡು ಮಲಗು. ಆಸ್ಪತ್ರೆಯ ಸಪ್ಪೆ ಸೂಪನ್ನು ಬೈದುಕೊಂಡಾದರೂ ಕುಡಿ.

ನಿನ್ನ ಅಕ್ಕ,
ಆಫ್ಕೆ

ತಾ.ಕ.: ಹಾರ್ಮೆನ್ ಮುಂದೆ ನಿಂತ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಅವನನ್ನು ಬೈಯಬೇಡ. ಮಾರ್ಚ್ ತಿಂಗಳಲ್ಲಿ ಒಂದು ದಿನ ಅವನ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂತು. “ಅರ್ಧ ಬ್ರೆಡ್ ಸಾಕಾ ಅಕ್ಕಾ, ಈಗ ಒಬ್ರೇ ಅಲ್ವಾ?” ಎಂದು ಅವನು ಸುಮ್ಮನೆ ಕೇಳಿದ. ಅಷ್ಟಕ್ಕೇ ಅತ್ತುಬಿಟ್ಟೆ, ಎಲ್ಲರೆದುರಿಗೆ. ಮಿಂಕೆಗೆ ಏನಾದರೂ ಮಾಡಿ ಎಂದು ನಾನು ಕೇಳಲಿಲ್ಲ, ಆಣೆ. “ನನಗೆ ಏನಾದ್ರೂ ಮಾಡಿ, ಆ ಮನೇಲಿ ಒಬ್ಳೇ ಇರಕ್ಕಾಗ್ತಿಲ್ಲ” ಎಂದೆ. ನಿನ್ನ ಹೆಸರಲ್ಲಿ ಯಾರೂ ತಟ್ಟೆ ಹಿಡಿದಿಲ್ಲ. ಹಿಡಿದವಳು ನಾನು, ನನಗೋಸ್ಕರ. ಊರಿನವರು ನನಗೆ ಕೊಡುತ್ತಿರುವುದು ನಿನ್ನನ್ನು. ಸೋಮವಾರ ಮನೆ ಬೇಡ ಎನ್ನುವುದಾದರೆ ಡಾಕ್ಟರಿಗೆ ಹೇಳಬೇಡ. ನಾನೇ ಬಂದು ಎದುರಿಗೆ ಕೂರುತ್ತೇನೆ, ನನಗೆ ಹೇಳು.