ಐವತ್ತಮೂರು ವ್ಯಾಟು

ಬೆಟಗೇರಿ
ಗುರುವಾರ, 12 ಏಪ್ರಿಲ್ 1984

ಪ್ರೀತಿಯ ಅತ್ತಿಗೆವ್ವಗೆ, ನಿಮ್ಮ ಮೈದುನ ಯಂಕಪ್ಪನ ನಮಸ್ಕಾರ.

ಶಿರಹಟ್ಟಿಗೆ ಹೋದ ಮೇಲೆ ನಿಮ್ಮ ಜ್ವರ ಇಳಿಯಿತೇ? ಕೂಸು ಈಗ ಸರಿಯಾಗಿ ಹಾಲು ಕುಡಿಯುತ್ತದೆಯೇ? ತವರಿನಲ್ಲಿ ಸಂಕೋಚ ಮಾಡಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ. ಅವ್ವ ಇಲ್ಲಿ ಉಣ್ಣುತ್ತಾಳೆ. ಆದರೆ ಮೂರು ತಾಟು ಇಟ್ಟು, ಆಮೇಲೆ ಒಂದನ್ನು ಸದ್ದಿಲ್ಲದೆ ಒಳಗೆ ಒಯ್ಯುತ್ತಾಳೆ. ನಾನು ನೋಡಿಯೂ ನೋಡದಂತೆ ರೊಟ್ಟಿ ಮುರಿಯುತ್ತೇನೆ. ನೀವು ಏಳನೆಯ ಇಯತ್ತೆ ಓದಿದವರು. ಈ ಕಾಗದವನ್ನು ನೀವೇ ಓದಿರಿ, ಯಾರ ಕೈಗೂ ಕೊಡಬೇಡಿ.

ಅಣ್ಣ ಹೋಗಿ ಐದು ವಾರವಾಯಿತು. ಸೋಮವಾರ ಸರಕಾರದ ಇನ್‌ಸ್ಪೆಕ್ಟರು ಹತ್ತಿಯ ಜಿನ್ನಿಂಗ್ ಮಿಲ್ಲಿಗೆ ಬಂದು ಚೌಕಶಿ ಮಾಡುತ್ತಾರೆ. ಮ್ಯಾನೇಜರ್ ವಿರೂಪಾಕ್ಷಪ್ಪ ಆಗಲೇ ಕಾಗದ ಟೈಪ್ ಮಾಡಿಸಿ ಇಟ್ಟಿದ್ದಾನೆ: ‘ವಾಯರಮನ್ ಹುಲಗಪ್ಪ ತನ್ನ ಬೇಜವಾಬ್ದಾರಿಯಿಂದ ಸತ್ತ.’ ಅದರ ಕೆಳಗೆ ನನ್ನ ಸಹಿ ಬೇಕಂತೆ, ಏಕೆಂದರೆ ಆ ದಿನ ಮೀಟರ್ ರೂಮಿನಲ್ಲಿದ್ದವನು ನಾನು. ಕರೆಸಿ ಕುರ್ಚಿಯ ಮೇಲೆ ಕೂಡ್ರಿಸಿದ. ಹನ್ನೊಂದು ವರ್ಷದಲ್ಲಿ ನಮ್ಮ ಕೇರಿಯ ಯಾರನ್ನೂ ಕೂಡ್ರಿಸದ ಕುರ್ಚಿ ಅದು! “ಯಂಕಪ್ಪಾ, ಎರಡನೂರಾ ಮೂವತ್ತು ವೋಲ್ಟಿಗೆ ಗಟ್ಟಿ ಆಳು ಸಾಯಾಂಗಿಲ್ಲಪ. ಮನ್ಯಾಗ ಹೆಂಗಸರಿಗೂ ಹೊಡೀತೈತಿ, ಕೈ ಝಾಡಿಸ್ಕೊಂಡು ಅಡಿಗಿ ಮಾಡ್ತಾರ. ನಿಮ್ಮಣ್ಣ ಕುಡದಿದ್ದ, ಇಲ್ಲಾ ಎದಿ ಮೊದ್ಲ ಕೆಟ್ಟಿತ್ತು” ಅಂದ. ಅಣ್ಣ ಚಹಾ ಬಿಟ್ಟು ಬೇರೇನಾದರೂ ಕುಡಿದದ್ದನ್ನು ನೀವು ಕಂಡಿದ್ದೀರಾ?

ಸಹಿ ಮಾಡದೆ ಎದ್ದು ಬಂದೆ. ನೇರವಾಗಿ, ನಮ್ಮಿಬ್ಬರಿಗೂ ಕೆಲಸ ಕಲಿಸಿದ ಇಸ್ಮಾಯಿಲಸಾಬರ ಅಂಗಡಿಗೆ ಹೋದೆ. ಕರೆಂಟಿಗೆ ಅಡ್ಡ ನಿಲ್ಲುವ ತಡೆಯನ್ನು ಓಮ್ ಎಂದು ಅಳೆಯುತ್ತಾರೆ. ಅದಕ್ಕೇ ಅವರು, “ಸಾಬ ಆಗಿ ದಿನಾ ಓಮ್ ಓಮ್ ಅಂತೀನಿ, ಒಬ್ಬ ಸ್ವಾಮಿನರ ಕರದು ಊಟಾ ಹಾಕ್ಯಾನೇನು” ಎಂದು ನಗಿಸುವವರು. ಅವತ್ತು ನಗಿಸಲಿಲ್ಲ. ಒಂದು ಬಲ್ಬಿಗೆ ಮೀಟರ್ ಹಚ್ಚಿ ತೋರಿಸಿದರು. ವೋಲ್ಟು ಎರಡುನೂರಾ ಮೂವತ್ತು. ಹರಿದ ಕರೆಂಟು ಕಾಲು ಆಂಪಿಯರಿಗಿಂತ ಚೂರು ಹೆಚ್ಚು, 0.26. ವೋಲ್ಟನ್ನು ಕರೆಂಟಿನಿಂದ ಭಾಗಿಸಿದರೆ ತಡೆ ಸಿಗುತ್ತದೆ: ಎಂಟುನೂರಾ ಎಂಬತ್ತೈದು ಓಮ್. ಗುಣಿಸಿದರೆ ಶಕ್ತಿ: ಅರವತ್ತು ವ್ಯಾಟು. ಆಮೇಲೆ ತಮ್ಮ ಅಂಗೈ ಚಾಚಿದರು. “ಒಣಾ ಕೈ, ಕಾಲಾಗ ಬೂಟು ಇದ್ರ ಲಕ್ಷ ಓಮ್ ಅಡ್ಡ ನಿಂದರ್ತಾವ. ಚುರ್ ಅಂತೈತಿ, ಅಷ್ಟ. ಬೆವತ ಕೈ, ಬರಿಗಾಲು, ಹಸಿ ನೆಲಾ ಅಂದ್ರ ಸಾವಿರಕ್ಕ ಇಳೀತೈತಲೇ ಯಂಕ್ಯಾ.”

ಅಣ್ಣನ ಕೈ ಬೆವತಿದ್ದವು. ಹತ್ತಿಯ ಧೂಳು ಏಳಬಾರದೆಂದು ನೆಲಕ್ಕೆ ನೀರು ಹೊಡೆಸಿದ್ದರು. ಕಾಲಲ್ಲಿ ಏನೂ ಇರಲಿಲ್ಲ. ರಬ್ಬರಿನ ಕೈಗವಸು ಮಿಲ್ಲಿನಲ್ಲಿ ಇಲ್ಲವೆಂದಲ್ಲ. ಮ್ಯಾನೇಜರನ ಕಪಾಟಿನಲ್ಲಿ ಪೌಡರ್ ಹಚ್ಚಿಕೊಂಡು, ಇನ್‌ಸ್ಪೆಕ್ಟರು ಬರುವ ದಿನಕ್ಕೆಂದು ಕೂತಿವೆ, ಹೊಸ ಮದುಮಗಳ ಹಾಗೆ. ಸಾವಿರ ಓಮ್ ಎಂದರೆ 0.23 ಆಂಪಿಯರು. ಎದೆ ನಿಲ್ಲಿಸಲು ಅದರ ಅರ್ಧ ಸಾಕು. ಗುಣಿಸಿ ನೋಡಿದೆ: ಐವತ್ತಮೂರು ವ್ಯಾಟು. ನಮ್ಮ ಪಡಸಾಲೆಯ ಬಲ್ಬಿಗಿಂತ ಕಡಿಮೆ, ಅತ್ತಿಗೆವ್ವ. ಅಷ್ಟರಲ್ಲಿ ಒಬ್ಬ ಮನುಷ್ಯ ಹೋಗಿಬಿಟ್ಟ.

ಅವತ್ತಿನಿಂದ ಈ ಐವತ್ತಮೂರು ನನ್ನ ಬೆನ್ನು ಬಿಟ್ಟಿಲ್ಲ. ಮುಳಗುಂದದ ಬಸ್ಸಿನಲ್ಲಿ ಎದುರು ಕುಳಿತವರ ಕೈ ನೋಡುತ್ತ ಓಮ್ ಲೆಕ್ಕ ಹಾಕುತ್ತೇನೆ. ಈ ಅಜ್ಜಿಯದೆಷ್ಟು, ಆ ಬಾಣಂತಿಯದೆಷ್ಟು ಎಂದು. ಮಟಮಟ ಮಧ್ಯಾಹ್ನ ಕರೆಂಟು ಬಂದು ಪಡಸಾಲೆಯ ಬಲ್ಬು ಹೊತ್ತಿದರೆ ಅದರ ತಂತಿಯಲ್ಲಿ ಅಣ್ಣ ನಿಂತು ನಡುಗಿದಂತೆ ಕಾಣುತ್ತದೆ. ಆರಿಸಲು ಕೈ ಬರುವುದಿಲ್ಲ. “ಹಗಲೊತ್ತಿನ್ಯಾಗ ದೀಪಾ ಯಾರಿಗೋ?” ಎಂದು ಅವ್ವ ಬಯ್ಯುತ್ತಾಳೆ. ಯಾರಿಗೆಂದು ಹೇಳಲಿ? ಮಿಲ್ಲಿನಲ್ಲಿ ಮೋಟರು ಗುಂಯ್ಯೆನ್ನುವ ಮೊದಲು ಒಂದು ಗಳಿಗೆ ಎಲ್ಲ ಸ್ತಬ್ಧವಾಗುತ್ತದೆ. ಆಗ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ.

ಸೋಮವಾರ ಈ ಲೆಕ್ಕವನ್ನೆಲ್ಲ ಇನ್‌ಸ್ಪೆಕ್ಟರರ ಮುಂದೆ ಬರೆದು ತೋರಿಸುತ್ತೇನೆ. ಕೇರಿಯ ಸಂಘದ ಗೆಳೆಯರು ಗೇಟಿನ ಹೊರಗೆ ನಿಲ್ಲುತ್ತಾರೆ. ಮಿಲ್ಲಿನವರು ಟೈಪ್ ಮಾಡಿಸಿದ ಸುಳ್ಳಿಗೆ ನಮ್ಮ ಕೇರಿಯ ಗಣಿತ ಉತ್ತರ ಕೊಡಲಿ. ಕರೆಂಟಿಗೆ ಜಾತಿ ಇಲ್ಲವೆಂದು ದೊಡ್ಡವರು ಭಾಷಣ ಬಿಗಿಯುತ್ತಾರೆ. ಇಲ್ಲ, ನಿಜ. ಆದರೆ ಮೋಟರಿನ ಪೆಟ್ಟಿಗೆಯೊಳಗೆ ಹಾಕುವ ಬರಿಗೈಯನ್ನು ಯಾವ ಕೇರಿಯಿಂದ ತರಿಸಬೇಕೆಂದು ಮಾಲೀಕನಿಗೆ ಚೆನ್ನಾಗಿ ಗೊತ್ತು.

ನಿಮ್ಮ ಅಪ್ಪ-ಅವ್ವಗೆ ನನ್ನ ನಮಸ್ಕಾರ ತಿಳಿಸಿ. ಕೂಸಿನ ನೆತ್ತಿಗೆ ನನ್ನ ಹೆಸರಲ್ಲಿ ನಾಲ್ಕು ಹನಿ ಎಣ್ಣೆ ಒತ್ತಿರಿ. ಇಷ್ಟು ದೂರದಿಂದಲೇ ಅವ್ವ ನಿಮ್ಮಿಬ್ಬರ ದೃಷ್ಟಿ ತೆಗೆದಿದ್ದಾಳೆ.

ನಿಮ್ಮ ಮೈದುನ,
ಯಂಕಪ್ಪ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದನ್ನು ಬಿಟ್ಟಿದ್ದೇನೆ. ಆ ಹೊತ್ತು ಊರಿಗೇ ಕರೆಂಟು ಹೋಗಿತ್ತು. ಬಂದ ಕೂಡಲೇ ಮೋಟರು ಹೊರಡಬೇಕು, ಮೇನ್ ಸ್ವಿಚ್ ಇಳಿಸಬಾರದು ಎಂಬುದು ವಿರೂಪಾಕ್ಷಪ್ಪನ ಹುಕುಂ. ನಾನು ಇಳಿಸಲಿಲ್ಲ. ಗೋಡೆಯಾಚೆ ಅಣ್ಣ ಮೋಟರಿನ ಪೆಟ್ಟಿಗೆ ಬಿಚ್ಚಿಕೊಂಡು ಕೂಗಿದ: “ಯಂಕ್ಯಾ, ಲೈನ್ ಹ್ಯಾಂಗೈತಿ?” ಅದೇ ಗಳಿಗೆಗೆ ನನ್ನೆದುರಿನ ಕೆಂಪು ದೀಪ ಹೊತ್ತಿತು. “ಅಣ್ಣಾ, ಬಂದೈತಿ!” ಅಂದೆ. ಕರೆಂಟು ಬಂದಿದೆ ಎಂದು ನಾನಂದದ್ದು. ಅವನಿಗೆ ಕೇಳಿದ್ದು “ಬಂದ್ ಐತಿ”, ಲೈನ್ ಬಂದ್ ಆಗಿದೆ ಎಂದು. ನಮ್ಮ ಬಾಯಲ್ಲಿ ಎರಡೂ ಒಂದೇ ಅಲ್ಲವೇ? “ಹೂಂ, ಆತು” ಅಂದ. ಅದೇ ಕೊನೆ. ಸಂಘದವರಿಗೂ ಹೇಳಿಲ್ಲ. ಹೇಳಿದರೆ ‘ತಮ್ಮನೇ ಕೊಂದ’ ಎಂದು ಮ್ಯಾನೇಜರ್ ಬರೆಸುತ್ತಾನೆ. ಬರೆಸಲಿ; ಅವನ ಹುಕುಮನ್ನೂ ಅದರ ಪಕ್ಕದಲ್ಲೇ ನಾನು ಬರೆಸುತ್ತೇನೆ. ಸೋಮವಾರ ಎಲ್ಲರ ಮುಂದೆ ಹೇಳುವವನಿದ್ದೇನೆ, ಅದಕ್ಕೂ ಮೊದಲು ನಿಮಗೆ ಹೇಳಬೇಕಿತ್ತು. ಅಣ್ಣ ಬೇಜವಾಬ್ದಾರಿ ಮನುಷ್ಯ ಆಗಿರಲಿಲ್ಲ, ಅತ್ತಿಗೆವ್ವ. ಅವನು ಕೇಳಿಯೇ ಕೈ ಹಾಕಿದ.